ಹೂ ಕಾಣದ ಬಳ್ಳಿ

ಐವತ್ತೆರಡು ವರ್ಷ ಹಳೆಯ ರಟ್ಟಿನ ಮೇಲೆ ಒಣಗಿದ ಬಳ್ಳಿಯೊಂದನ್ನು ಅಂಟಿಸಿದ್ದರು. ಆರು ಎಲೆ, ಒಂದು ಗೆಡ್ಡೆ. ಕೆಳಗೆ ಚೀಟಿ: ‘ಕೆಂಗೇರಿಯಾಚೆ, ಬಂಡೆಯ ಸೀಳು, ೧೯೩೧. ಹೂ ಸಿಕ್ಕಿಲ್ಲ.’ ಆಮೇಲೆ ಅದನ್ನು ಯಾರೂ ಕಂಡ ದಾಖಲೆಯಿರಲಿಲ್ಲ. ಹೂ ನೋಡದೆ ಅದು ಯಾವ ಬಳ್ಳಿಯೆಂದು ಖಚಿತವಾಗಿ ಹೇಳುವಂತೆಯೂ ಇರಲಿಲ್ಲ.

ವಿಜಯನಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ವತ್ಸಲಾ ಆ ಆಗಸ್ಟಿನಲ್ಲಿ ಹೂ ಹುಡುಕಲು ಹೊರಟೇಬಿಟ್ಟಳು. ಆ ರಟ್ಟಿದ್ದ ಒಣಗಿಡಗಳ ಸಂಗ್ರಹವನ್ನು ಮೂವತ್ತು ವರ್ಷ ಕಾಪಾಡಿದ್ದ ಸೇತುರಾಮ ಜೊತೆಗೆ ಬಂದರು. ದಾರಿ ತೋರಿಸಲು ಕೆಂಗೇರಿಯ ನೀಲಮ್ಮ. ಹುಲ್ಲು ಕೊಯ್ಯಲು ದಿನವೂ ಗುಡ್ಡ ಹತ್ತುವವಳು. ಎಲೆಯ ಚಿತ್ರ ನೋಡಿದ ಕೂಡಲೇ ಗುರುತು ಹಿಡಿದಿದ್ದಳು. ಆದರೆ ಕಲ್ಲುಗಣಿಯವರು ಆ ಸೀಳಿನ ಹತ್ತಿರಕ್ಕೇ ಬಂದಿದ್ದಾರೆ, ವಾರ ಕಳೆದರೆ ಬಂಡೆಯೇ ಇರುವುದಿಲ್ಲ ಎಂದಳು.

ಮೈಸೂರು ರಸ್ತೆ ಹಿಂದೆ ಬಿದ್ದ ಮೇಲೆ ಕುರುಚಲು ಕಾಡು ಶುರುವಾಯಿತು. ಲಂಟಾನದ ಮುಳ್ಳು ಸೀರೆಯ ಸೆರಗನ್ನು ಬಿಡಲೊಲ್ಲದು. ರಾತ್ರಿಯ ಮಳೆನೀರು ಕರಿಬಂಡೆಗಳ ಮೇಲೆ ತೆಳ್ಳಗೆ ಹರಿಯುತ್ತಿತ್ತು; ಪಾಚಿ ಕಂಡಲ್ಲೆಲ್ಲ ನೀಲಮ್ಮ ಕಾಲಿಡಬೇಡಿರೆಂದು ಕೈ ಅಡ್ಡ ಹಿಡಿಯುತ್ತಿದ್ದಳು. ಗುಡ್ಡದ ನೆತ್ತಿಯಲ್ಲಿ ಬಂಡೆ ಎರಡಾಗಿ ಬಿರಿದು, ಒಳಗಿನಿಂದ ತಣ್ಣನೆಯ ಮಣ್ಣಿನ ವಾಸನೆ ಬರುತ್ತಿತ್ತು.

ಹುಲ್ಲು ಕಟ್ಟುವ ಹಗ್ಗವನ್ನು ಮರಕ್ಕೆ ಬಿಗಿದು ವತ್ಸಲಾ ಸೀಳಿಗೆ ಇಳಿದಳು. ಎರಡಾಳು ಆಳ. ಕಾಲಿಗೆ ನೆಲ ಸಿಕ್ಕಿತು. ತಲೆಯೆತ್ತಿದಳು.

ಎದುರಿಗೇ ಬಳ್ಳಿ. ಅದರಲ್ಲಿ ಮೂರು ಹೂ, ಬೆರಳುದ್ದದ ಪುಟ್ಟ ಲಾಂದ್ರಗಳ ಹಾಗೆ.

ಅಷ್ಟರಲ್ಲಿ, ಬಂಡೆಗೆ ಸಿಡಿಮದ್ದು ಹಾರಿಸುವ ಮುನ್ನ ಊದುವ ಗಣಿಯ ಸೀಟಿ ಕೇಳಿಸಿತು. ನಿಲ್ಲಿಸಿರೆಂದು ಸೇತುರಾಮ ಕೊಡೆ ಬೀಸಿದರು. ಗುಡ್ಡದ ಏಣಿನ ಆಚೆಗಿದ್ದ ಗಣಿಯವರಿಗೆ ಕಾಣಲಿಲ್ಲ.

“ಮೇಲಕ್ಕೆ ಬರಬೇಡಿ ಅಮ್ಮೋರೆ,” ನೀಲಮ್ಮ ಕೂಗಿ ಹೇಳಿದಳು. “ಅಲ್ಲೇ ಬಂಡೆ ಅಡೀಗೆ ತೂರ್ಕೊಳ್ಳಿ. ನಾವೂ ಮರೆಗೆ ಹೋಯ್ತೀವಿ.”

ವತ್ಸಲಾ ಮುದುಡಿ ಕುಳಿತಳು.

ನೆಲ ಅದುರಿತು. ಜಲ್ಲಿ ಸುರಿಯಿತು. ತೆಂಗಿನಕಾಯಿ ಗಾತ್ರದ ಕಲ್ಲೊಂದು ಅವಳು ನಿಂತಿದ್ದ ಜಾಗಕ್ಕೇ ಬಿದ್ದು ಎರಡು ಹೋಳಾಯಿತು.

ಧೂಳು ಇಳಿದಾಗ ಒಂದು ಹೂ ಹೋಗಿತ್ತು. ಉಳಿದೆರಡರಲ್ಲಿ ಒಂದು ತನ್ನಷ್ಟಕ್ಕೆ ಅಲುಗಿತು. ಒಳಗಿಂದ ಸಣ್ಣ ನೊಣವೊಂದು ತೆವಳಿ ಹೊರಬಂದು, ಮೈಗಂಟಿದ ಪರಾಗದೊಂದಿಗೆ ಹಾರಿಹೋಯಿತು. ಭಯವನ್ನೂ ಮರೆತು ವತ್ಸಲಾ ಅದು ಹೋದ ದಿಕ್ಕನ್ನೇ ನೋಡಿದಳು. ಆಮೇಲೆ ಹೂವಿದ್ದ ಒಂದು ಕುಡಿಯನ್ನಷ್ಟೇ ಕತ್ತರಿಸಿಕೊಂಡು, ಕೈಗೆ ಸಿಕ್ಕಿದ ಎರಡು ಗೆಡ್ಡೆ ಕಿತ್ತು ಮೇಲೆ ಬಂದಳು. ಅಂಗೈ ಸುಲಿದಿತ್ತು. ಗೆಡ್ಡೆಗಳನ್ನು ನೀಲಮ್ಮ ಗುಡ್ಡದ ಆಚೆ ಮಗ್ಗುಲಿನ ಇನ್ನೊಂದು ಸೀಳಿನಲ್ಲಿ ಊರಿದಳು. ಅಲ್ಲಿಗೆ ಗಣಿಯವರು ಬರುವುದಿಲ್ಲವಂತೆ.

ಕೆಂಗೇರಿ ಬಸ್ ಸ್ಟಾಪಿನಲ್ಲಿ ಸೇತುರಾಮ ಕುಡಿಯನ್ನು ಹಳೆ ಪತ್ರಿಕೆಯ ನಡುವೆ ಹರಡಿ, ಮೇಲೆ ಹಲಗೆಯಿಟ್ಟು ಬಿಗಿದರು. ಒಣಗಿದರೆ ಬಣ್ಣ ಹೋಗುತ್ತದೆ, ಈಗಲೇ ಬರೆದುಕೊಳ್ಳಿ ಮೇಡಂ ಎಂದರು. ತಿಳಿ ಹಸಿರು ಎಂದು ಅವರು, ಬೂದು ಹಸಿರು ಎಂದು ವತ್ಸಲಾ, ಒಮ್ಮತ ಬರಲಿಲ್ಲ. ನೀಲಮ್ಮನನ್ನು ಕೇಳಿದರು.

“ಮೈಯೆಲ್ಲ ಎಳೇ ಬಾಳೆಕಾಯಿ ಬಣ್ಣ. ತುದಿ ಮಾತ್ರ ನೇರಳೆಹಣ್ಣು ತಿಂದ ನಾಲಿಗೆ ಇದ್ದಂಗಿತ್ತು.”

ವತ್ಸಲಾ ಅದನ್ನು ಒಂದಕ್ಷರ ಬದಲಿಸದೆ ಬರೆದುಕೊಂಡಳು.