ಎತ್ತಿ ಕುಡಿಯುವವನ ಗೋಲ್ಡನ್ ಏಲ್

ಅವನು ಗ್ಲಾಸನ್ನು ತುಟಿಗೆ ತಾಗಿಸಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ, ಗೇಣುದ್ದ ಮೇಲಿಂದ ಬಿಯರನ್ನು ಬಾಯಿಗೆ ಸುರಿದುಕೊಂಡ.

ಸಂಘಮಿತ್ರಾಳಿಗೆ ಮೈಯೆಲ್ಲ ಉರಿಯಿತು. ಅದು ಅವಳು ಈಗಷ್ಟೇ ಒಂದು ಗುಟುಕು ಕುಡಿದು, "ನೀವ ನೋಡ್ರಿ" ಎಂದು ಅವನ ಮುಂದೆ ತಳ್ಳಿದ್ದ ಗ್ಲಾಸು. ಸವಣೂರಿನಲ್ಲಿ ಅವಳ ಅಜ್ಜಿಯ ಬೊಗಸೆಗೆ ದೊಡ್ಡ ಮನೆಯವರು ಹೀಗೇ ಎತ್ತರದಿಂದ ನೀರು ಹೊಯ್ಯುತ್ತಿದ್ದರಂತೆ. ಮೊಮ್ಮಗಳು ಪುಣೆಯಲ್ಲಿ ಐದು ವರ್ಷ ಬಿಯರಿನ ರುಚಿ ನೋಡುವ ಕೆಲಸ ಮಾಡಿ ಬಂದರೂ, ಹಂಸಭಾವಿಯ ಜಮೀನ್ದಾರರ ಮಗ ಚನ್ನೇಶನಿಗೆ ಅವಳ ಎಂಜಲು ಮೈಲಿಗೆ. ಅಷ್ಟು ಚೆಂದದ ಕಣ್ಣುಗಳನ್ನು ದೇವರು ಎಂಥವನಿಗೆ ಕೊಟ್ಟು ದಂಡ ಮಾಡಿದ.

ಗೊಟಗೋಡಿಯ ಹತ್ತಿರ, ಹೈವೇ ಪಕ್ಕ, ಯಲ್ಲಪ್ಪ ಹೊಸದಾಗಿ ತೆರೆಯಲಿದ್ದ ಹೋಟೆಲು ಅದು. ಅಲ್ಲಿ ಯಾರ ಗೋಲ್ಡನ್ ಏಲ್ ಬಿಯರ್ ಮಾರಬೇಕೆಂದು ಅವಳು ತೀರ್ಮಾನಿಸಬೇಕಿತ್ತು. ಬೆಳಗಿನಿಂದ ಮೂರು ಬಂದಿದ್ದವು. ಒಂದು ಹಳಸಿದ ಶರಬತ್ತು, ಉಳಿದೆರಡು ಬಟ್ಟೆ ನೆನೆಹಾಕಿದ ನೀರು. ಯಲ್ಲಪ್ಪ ಮೂರಕ್ಕೂ ಸೂಪರ್ ಎಂದಿದ್ದ. ಅವನ ನಾಲಿಗೆಗೂ ಚಪ್ಪಲಿಯ ತೊಗಲಿಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ನಾಲ್ಕನೆಯದು ಚನ್ನೇಶ ತಾನೇ ಕುದಿಸಿ ತಂದದ್ದು.

"ಹೆಂಗೈತ್ರಿ?" ಚನ್ನೇಶ ಕೇಳಿದ.

"ಬಣ್ಣ ಚಲೋ ಐತಿ. ಫೋಟೋ ಹೊಡದು ಗೋಡಿಗೆ ಹಾಕ್ರಿ. ಕುಡಿಯಾಕ ಬ್ಯಾಡ."

"ಯಾಕ್ರಿ?"

"ಗೋವಿನಜೋಳದ ತೆನಿ ಕುದಿಸಿದಂಗ ನಾರತೈತಿ."

"ಅದನ್ನ ಹಾಕೇ ಇಲ್ರಿ. ಬರೇ ಬಾರ್ಲಿ. ನನಗೇನೂ ವಾಸನಿ ಬರಲಿಲ್ಲ."

"ಹೆಂಗ ಬರತೈತ್ರಿ? ನನ್ನ ಎಂಜಲಂತ ಗ್ಲಾಸು ಮಾರು ದೂರ ಹಿಡದ್ರಿ."

ಚನ್ನೇಶನ ಮುಖ ಕಪ್ಪಿಟ್ಟಿತು. ತಂಬಿಗೆಯ ನೀರನ್ನು ಯಾರೂ ಮುಟ್ಟದ ಹೊಸ ಗ್ಲಾಸಿಗೆ ಬಗ್ಗಿಸಿಕೊಂಡ. ಅದನ್ನೂ ಎತ್ತಿಯೇ ಕುಡಿದ.

"ನಾ ಸಣ್ಣಾಂವಿದ್ದಾಗ ಅವ್ವ ಹಿಂಗ ಕಲಿಸ್ಯಾಳ್ರಿ. ಚಹಾ ಒಂದು ಬಿಟ್ಟು ಎಲ್ಲಾ ಹಿಂಗ. ನಿಮಗ ಇದು ಹೆಂಗ ಕಾಣತೈತಿ ಅಂತ ನಾ ಒಮ್ಮೆನೂ ವಿಚಾರ ಮಾಡಿಲ್ಲ. ತಪ್ಪಾತು."

ಅವಳ ಸಿಟ್ಟಿಗೆ ಕೂರಲು ಜಾಗವೇ ಸಿಗಲಿಲ್ಲ. "ಹಂಗಾರ ನಿಮ್ಮ ಬಿಯರಿಗೆ ನೀವ ಮೂಗು ಹಚ್ಚಿಲ್ಲ?"

"ಎರಡು ವರ್ಷದಾಗ ಒಮ್ಮೆನೂ ಇಲ್ಲ."

ಎಂಥ ಶತಮೂರ್ಖ. ಅವಳಿಗೆ ನಗು ಬಂತು, ಅದನ್ನು ತಡೆದುಕೊಂಡಳು. ಅಷ್ಟರಲ್ಲಿ ಅವನು ಅವಳ ಗ್ಲಾಸನ್ನೇ ಎತ್ತಿಕೊಂಡ. ಅಂಚಿನಲ್ಲಿ ಅವಳ ಲಿಪ್‌ಸ್ಟಿಕ್ ಗುರುತಿತ್ತು. ಗ್ಲಾಸನ್ನು ತಿರುಗಿಸಿ, ಅವಳನ್ನೇ ನೋಡುತ್ತ, ಆ ಗುರುತಿಗೇ ತುಟಿ ಇಟ್ಟ. ಸಂಘಮಿತ್ರಾಳ ಎದೆ ಹೊಡೆದುಕೊಂಡಿತು. ಮರುಕ್ಷಣ ಅವನ ಮುಖ ಹಿಂಡಿಕೊಂಡಿತು.

"ಅಯ್ಯ. ಇದನ್ನ ಮಂದಿಗೆ ಕುಡಿಸೇನಲ್ರಿ."

ಈಗ ಅವಳು ನಕ್ಕೇಬಿಟ್ಟಳು. "ಮುಚ್ಚಳ ಮುಚ್ಚಿ ಕುದಸ್ತೀರೇನು?"

"ಹೂಂನ್ರಿ, ಹೊಲದ ಮನ್ಯಾಗ. ನಮ್ಮದು ವಿಭೂತಿ ಹಚ್ಚೋ ಮನಿ. ವಾಸನಿ ಹೊರಗ ಬಂದ್ರ ಅಪ್ಪ ಜೀವಸಹಿತ ಬಿಡಂಗಿಲ್ಲ."

"ಆ ನಾತ ಉಗಿ ಜೋಡಿ ಹೊರಗ ಹೋಗಬೇಕು. ಮುಚ್ಚಿದ್ರ ತಿರುಗಿ ಪಾತ್ರ್ಯಾಗ ಬೀಳತೈತಿ."

ಅವಳು ಕಾಗದದ ಮೇಲೆ 'ನಾಪಾಸು' ಎಂದು ಬರೆದಳು. ಅವನು ಕಾಗದ ನೋಡಲಿಲ್ಲ.

"ಸರಿ ಐತಿ. ಮತ್ತ ಮಾಡ್ತೇನಿ. ನೀವು ಬಂದು ನೋಡ್ಬೇಕು. ಬಿಯರಿಗಷ್ಟ ಅಲ್ರಿ. ನಿಮ್ಮ ಕಡೆ ದಿನಾ ಬೈಸ್ಕೋಬೇಕು ಅನಸಾಕತ್ತೈತಿ."

"ಹೊಲದ ಮನ್ಯಾಗ ಕದ್ದು ಕುಡಿಯಾಕ ನಾ ಬರಂಗಿಲ್ಲ."

ಚನ್ನೇಶ ಗ್ಲಾಸನ್ನು ಮೇಜಿನ ಮೇಲಿಟ್ಟ. ಆಮೇಲೆ ಫೋನು ತೆಗೆದ.

"ಅವ್ವಾ, ಐತಾರ ಮನಿ ಹಿತ್ತಲದಾಗ ಒಲಿ ಹಚ್ಚತೇನಿ. ಬಿಯರ್ ಕುದಸಾಕ. ಹೂಂ, ಬಿಯರ್."

ಅವ್ವ ಹೊನ್ನವ್ವನ ಬೈಗುಳ ಮೇಜಿನ ಈಚೆಗೂ ಕೇಳಿಸಿತು. ಅದು ಮುಗಿಯುವತನಕ ಅವನು ಕಾದ.

"ಇನ್ನೊಂದ ಮಾತು. ಸವಣೂರಿಂದ ಒಬ್ಬರನ್ನ ಕರಕೊಂಡು ಬರ್ತೇನಿ. ಸಂಘಮಿತ್ರಾ ಅಂತ. ಅವರು ಕುಡದ ಗ್ಲಾಸಿನ್ಯಾಗ ಇವತ್ತ ನಾನೂ ಕುಡದೇನಿ."

ಫೋನಿನಲ್ಲಿ ಸದ್ದಿಲ್ಲ. ಬೈಗುಳವೂ ಇಲ್ಲ. ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.

ಸಂಘಮಿತ್ರಾ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಅವನ ಪಕ್ಕದಲ್ಲಿ ಕುಳಿತಳು.