ವ್ಯಾನಿನ ಹಿಂಗಾಜಿನ ಬೋರ್ಡು

"ಹೋದ ವರ್ಷ ಒಂದು ಸ್ಪೀಡ್ ಕೇಸ್ ಬಿದ್ದಿತ್ತು ದೊಡ್ಡಮ್ಮ. ಇದು ಎರಡನೇದು. ಸ್ಕೂಲ್ ವ್ಯಾನ್ ಓಡಿಸೋ ಪರ್ಮಿಟ್ಟೇ ಹೋಗುತ್ತೆ. ಆಮೇಲೆ ನಾನೇನು ಮಾಡ್ಲಿ?" ಎಂದು ವ್ಯಾನಿನ ಅಕ್ಕ ನೋಟಿಸನ್ನು ಮೇಜಿನ ಮೇಲಿಟ್ಟು ಅತ್ತೇಬಿಟ್ಟಳು.

ಪಕ್ಕದಲ್ಲಿ ಕೂತಿದ್ದ, ಅದೇ ಕಾಂಪೌಂಡಿನ ಟೈಪಿಸ್ಟ್ ನೋಟಿಸನ್ನು ಎಳೆದುಕೊಂಡು ಓದಿದ. ಕೋರ್ಟಿನ ಗುಮಾಸ್ತೆಯಾಗಿದ್ದ ದೊಡ್ಡಮ್ಮ ನಿವೃತ್ತರಾದ ಮೇಲೂ ಕಾಂಪೌಂಡಿನವರ ತಂಟೆ ತಕರಾರನ್ನೆಲ್ಲ ಬಿಡಿಸುತ್ತಿದ್ದರು. ಅರ್ಜಿ ಬಡಿಯುವ ಕೆಲಸ ಮಾತ್ರ ಇವನ ಕೊರಳಿಗೆ. ಗೊಣಗುತ್ತಲೇ ಬಡಿಯುತ್ತಿದ್ದ, ಒಂದು ದಿನವೂ ತಪ್ಪಿಸಿರಲಿಲ್ಲ.

ಐವತ್ತರ ಮಿತಿಯಲ್ಲಿ ಐವತ್ತೊಂಬತ್ತು ಕಿಲೋಮೀಟರ್ ವೇಗ. ಮಂಗಳವಾರ ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು, ವ್ಯಾನು ಮನೆ ಮುಂದೆ ಖಾಲಿ ನಿಂತಿರಬೇಕಿತ್ತು. ಮೇಲ್ಮನವಿ ಹಾಕಬಹುದು, ಆದರೆ ಓಡಿಸಿದವರ ಹೆಸರು ಕೊಡಬೇಕು, ಇಲ್ಲವಾದರೆ ತಪ್ಪು ಅವಳದ್ದೇ. ಗಡುವು ಅಂದೇ ಸಂಜೆ ಐದಕ್ಕೆ.

ಕೀಲಿ ಕೈಗೆ ಸಿಗುತ್ತಿದ್ದುದು ಮೂವರಿಗೆ: ಪಕ್ಕದ ಶೆಡ್ಡಿನ ಮೆಕ್ಯಾನಿಕ್, ಅಕ್ಕನ ತಮ್ಮ, ಮತ್ತು ಎರಡು ವರ್ಷದ ಹಿಂದಿನವರೆಗೂ ಇದೇ ಸ್ಕೂಲ್ ವ್ಯಾನ್ ಓಡಿಸಿ, ಸೊಂಟನೋವೆಂದು ಮಗಳಿಗೆ ಬಿಟ್ಟುಕೊಟ್ಟಿದ್ದ ಅಪ್ಪ.

"ತಮ್ಮನೇ! ಗಾಡಿ ಕಂಡ್ರೆ ಜೊಲ್ಲು ಸುರಿಸ್ತಾನೆ," ಎಂದ ಟೈಪಿಸ್ಟ್.

"ನಿನ್ನ ಬಾಯಿಗೆ ಬೀಗ ಹಾಕು," ಎಂದು ದೊಡ್ಡಮ್ಮ ನೋಟಿಸಿನ ಫೋಟೋ ನೋಡಿದರು. ಹಿಂದಿನಿಂದ ತೆಗೆದದ್ದು, ಓಡಿಸಿದವರ ತಲೆಯೂ ಕಾಣದು. ಹಿಂಗಾಜಿನಲ್ಲಿ 'ಮಕ್ಕಳಿದ್ದಾರೆ' ಎಂಬ ಬೋರ್ಡು ಮಾತ್ರ ಸ್ಪಷ್ಟವಾಗಿತ್ತು.

"ಇದನ್ನ ಯಾವಾಗ ತಿರುಗಿಸ್ತೀಯ?"

"ಕೊನೇ ಮಗು ಇಳಿದ ಮೇಲೆ ಹಿಂದಕ್ಕೆ ಹೋಗಿ, ಯಾರಾದ್ರೂ ನಿದ್ದೆ ಹೋಗಿದಾರಾ ಅಂತ ಸೀಟೆಲ್ಲ ನೋಡಿ, 'ಖಾಲಿ' ಅಂತ ತಿರುಗಿಸ್ತೀನಿ. ಅವತ್ತು ಬೆಳಿಗ್ಗೇನೂ ತಿರುಗಿಸಿದ್ದೆ. ಮತ್ತೆ ಹೊರಡೋವಾಗ 'ಮಕ್ಕಳಿದ್ದಾರೆ' ಅಂತ ಈ ಕಡೆ."

ದೊಡ್ಡಮ್ಮನ ಮುಖ ಸಪ್ಪಗಾಯಿತು. "ಮೂವರನ್ನೂ ಕರ್ಕೊಂಡು ಬಾ."

ನಾಲ್ಕು ಗಂಟೆಗೆ ಎಲ್ಲರೂ ಸೇರಿದರು. ಅಷ್ಟರಲ್ಲಿ ದೊಡ್ಡಮ್ಮ ಲಾಂಡ್ರಿಗೂ ಫೋನ್ ಮಾಡಿ ಕೇಳಿದ್ದರು.

"ಮೆಕ್ಯಾನಿಕ್ ಬ್ರೇಕ್ ನೋಡೋಕೆ ಒಯ್ದಿದ್ರೆ ಬೋರ್ಡ್ ಮುಟ್ತಿರಲಿಲ್ಲ. ತಮ್ಮ ಶೋಕಿಗೆ ಒಯ್ದಿದ್ರೆ ಅದರ ಕಡೆ ಕಣ್ಣೂ ಹಾಯಿಸ್ತಿರಲಿಲ್ಲ. ಖಾಲಿ ವ್ಯಾನ್ ಆದ್ರೂ ಮೊದಲು ಹಿಂದಕ್ಕೆ ಹೋಗಿ ಬೋರ್ಡ್ ತಿರುಗಿಸ್ಬೇಕಾದ್ರೆ, ಅದು ಕೈಗೇ ರೂಢಿಯಾಗಿರ್ಬೇಕು. ಅಂಥವರು ಇಲ್ಲಿ ಇಬ್ಬರೇ. ಒಬ್ಬಳು ಲಾಂಡ್ರಿಯಲ್ಲಿದ್ಲು."

ಅಪ್ಪ ತಲೆ ತಗ್ಗಿಸಿದ. "ಸೊಂಟನೋವು ಸುಳ್ಳು ಮಗಳೇ. ಕಣ್ಣು ಹೋಗ್ತಾ ಇದೆ. ಇನ್ನು ಮೂರೇ ತಿಂಗಳು ಅಂದ್ರು ಡಾಕ್ಟ್ರು. ಪೂರ್ತಿ ಹೋಗೋ ಮುಂಚೆ ಒಂದೇ ಒಂದು ಸುತ್ತು ಅಂತ..."

"ಅಷ್ಟು ಜೋರಾಗಿ ಯಾಕೆ ಹೋದ್ರಿ?" ಕೇಳಿಬಿಟ್ಟ ಮೇಲೆ ಟೈಪಿಸ್ಟ್ ನಾಲಿಗೆ ಕಚ್ಚಿಕೊಂಡ.

"ಜೋರು ಅಂತ ಗೊತ್ತಾದ್ರೆ ತಾನೇ? ಸ್ಪೀಡಿನ ಮುಳ್ಳೇ ಕಾಣಲಿಲ್ಲಪ್ಪ."

"ಯಾವುದಾದ್ರೂ ಮಗು ಅಡ್ಡ ಬಂದಿದ್ರೆ?" ಮಗಳು ಕಿರುಚಿದಳು. ಮರುಕ್ಷಣವೇ ನೋಟಿಸನ್ನು ತನ್ನತ್ತ ಎಳೆದುಕೊಂಡು, "ನಿಮ್ಮ ಹೆಸರು ಕೊಡಲ್ಲ. ಪರ್ಮಿಟ್ ಹಾಳಾಗಿ ಹೋಗ್ಲಿ," ಎಂದಳು.

"ನಿನ್ನ ಅನ್ನಕ್ಕೆ ಕಲ್ಲು ಹಾಕಿ ನಾನು ಬದುಕ್ಲಾ? ಬಡಿಯಪ್ಪಾ, ನಾನೇ ಓಡಿಸಿದ್ದು ಅಂತ ಬಡಿ."

ಟೈಪಿಸ್ಟ್ ಗೊಣಗದೆ ಬಡಿದ. ದೊಡ್ಡಮ್ಮ ಕಾಗದ ಮುಂದಿಟ್ಟರು. ಅಪ್ಪ ಪೆನ್ನು ಹಿಡಿದು, ಮೂಗು ತಾಗುವಷ್ಟು ಬಗ್ಗಿದ.

"ಎಲ್ಲಿ?"

ಮಗಳ ಸಿಟ್ಟು ಇಳಿದಿರಲಿಲ್ಲ, ಅಳುವೂ ನಿಂತಿರಲಿಲ್ಲ. ಅವನ ಮಣಿಕಟ್ಟು ಹಿಡಿದು ಗೆರೆಯ ಮೇಲೆ ತಂದಿಟ್ಟಳು.

"ಇಲ್ಲಿ, ಅಪ್ಪಾ."