ಬೇಲಿಯಾಚೆಯ ಪಂದ್ಯ

“ಟಿಕೆಟ್ ತೆಗಿ,” ಎಂದಳು ಹಿತಾ.

“ನೀನು ತೆಗಿ,” ಎಂದ ಅನಿರುದ್ಧ, ನಗುತ್ತ.

ಅವಳೂ ನಕ್ಕಳು. ಹಾಕಿ ಕ್ರೀಡಾಂಗಣದ ಗೇಟಿನ ಮುಂದಿನ ಸಾಲು ಒಂದು ಹೆಜ್ಜೆ ಸರಿಯಿತು. ಡಚ್ಚರ ಕಿತ್ತಳೆ ಟೀಶರ್ಟುಗಳ ನಡುವೆ ಅಲ್ಲಲ್ಲಿ ಭಾರತದ ನೀಲಿ. ಕೆನ್ನೆಗೆ ತ್ರಿವರ್ಣ ಬಳಿದುಕೊಂಡ ಆಮ್ಸ್ಟೆಲ್‌ವೀನ್‌ನ ಭಾರತೀಯ ಮಕ್ಕಳು ಡಚ್ಚಿನಲ್ಲಿ ಜಗಳವಾಡುತ್ತಿದ್ದರು. ಸಾಲು ಇನ್ನೊಂದು ಹೆಜ್ಜೆ ಸರಿದಾಗ ಇಬ್ಬರ ನಗುವೂ ಒಟ್ಟಿಗೇ ನಿಂತಿತು.

“ತಮಾಷೆ ಬೇಡ ಅನಿ.”

“ನಾನೆಲ್ಲಿ ತಮಾಷೆ ಮಾಡ್ತಿದೀನಿ? ಟಿಕೆಟ್ ನಿಂದಲ್ವಾ?” ಅವನು ಬೆನ್ನಿನ ಚೀಲವನ್ನು ತಟ್ಟಿದ. “ಬಿಸಿಬೇಳೆಬಾತ್ ಮಾಡ್ಕೊಂಡ್ ಬಂದಿದೀನಿ. ಬೆಳಗ್ಗೆ ಐದಕ್ಕೆ ಎದ್ದಿದೀನಿ ಗೊತ್ತಾ?”

ಹಿತಾ ತನ್ನ ಚೀಲದ ಜಿಪ್ ಎಳೆದಳು. ಸ್ಟೀಲ್ ಡಬ್ಬಿಯ ಒಳಗಿನಿಂದ ಪುಳಿಯೋಗರೆಯ ವಾಸನೆ ಮೆಲ್ಲಗೆ ಎದ್ದು ಬಂತು.

ಅವರಿಬ್ಬರ ನಡುವೆ ಒಂದು ಒಪ್ಪಂದವಿತ್ತು. ಯಾರೂ ಬಾಯಿಬಿಟ್ಟು ಮಾಡಿದ್ದಲ್ಲ, ತಾನಾಗಿ ಆದದ್ದು. ಟಿಕೆಟ್ ಒಬ್ಬರದು, ಬುತ್ತಿ ಇನ್ನೊಬ್ಬರದು. ಮುಂದಿನ ಸಲ ಅದಲು ಬದಲು. ಪ್ಯಾರಿಸ್‌ನ ಒಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆ ನೋಡಲು ಹೋದಾಗ, ಪಕ್ಕಪಕ್ಕದ ಸೀಟಿನಲ್ಲಿ ಕೂತು ಒಂದೇ ಸಲ ಕನ್ನಡದಲ್ಲಿ “ಅಯ್ಯೋ” ಅಂದು ಪರಿಚಯವಾದವರು. ಆಮೇಲೆ ಜ್ಯೂರಿಕ್‌ಗೆ ಹೋಗಿ ಜಾವೆಲಿನ್ ನೋಡಿದರು. ಲಂಡನ್ನಿನಲ್ಲಿ ಟೆನಿಸ್ ಟಿಕೆಟ್ಟಿಗಾಗಿ ಹುಲ್ಲಿನ ಮೇಲೆ ಅರ್ಧ ದಿನ ಕಾದರು. ಅವಳು ಇದೇ ಡಚ್ಚರ ನಾಡಿನ ನೈಮೆಗನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಅವನು ವೆಲ್ಡ್‌ಹೋವನ್‌ನಲ್ಲಿ ಎಂಜಿನಿಯರ್. ಎರಡು ಊರಿನ ನಡುವೆ ದೂರವೇನೂ ಇಲ್ಲ. ಆದರೂ ಆಟ ಇಲ್ಲದೆ ಒಮ್ಮೆಯೂ ಭೇಟಿಯಾಗಿರಲಿಲ್ಲ. ‘ಕಾಫಿಗೆ ಬಾ’ ಎಂದು ಕರೆದರೆ ಅದಕ್ಕೆ ಏನೇನೋ ಅರ್ಥ ಬರುತ್ತದೆ. ‘ಫೈನಲ್ ಇದೆ, ಬರ್ತೀಯಾ?’ ಎಂದರೆ ಯಾವ ಅರ್ಥವೂ ಇಲ್ಲ.

ಎಡವಟ್ಟಾದದ್ದು ಏಪ್ರಿಲ್‌ನಲ್ಲಿ, ಲಿಂಬರ್ಗ್‌ನ ಗುಡ್ಡಗಳಲ್ಲಿ ನಡೆದ ಸೈಕಲ್ ರೇಸಿನಿಂದ. ರಸ್ತೆ ಬದಿ ನಿಂತು ನೋಡುವುದಕ್ಕೆ ಟಿಕೆಟ್ಟೇ ಇರಲಿಲ್ಲ. ಬುತ್ತಿ ಹಿತಾ ತಂದಿದ್ದಳು.

“ಅವತ್ತು ನೀನು ಟಿಕೆಟ್ ತಗೊಳ್ಳಲೇ ಇಲ್ವಲ್ಲ. ನಿನ್ನ ಸರದಿ ಹಾಗೇ ಉಳ್ಕೊಂಡಿದೆ.”

“ಅವತ್ತು ನೀನು ಊಟ ತಂದೆ. ಅಂದ್ರೆ ಇವತ್ತು ಊಟ ನಂದು. ಸಿಂಪಲ್ ಲಾಜಿಕ್ ಹಿತಾ.”

“ಒಂದು ಮೆಸೇಜ್ ಹಾಕಿ ಕೇಳಕ್ಕೇನಾಗಿತ್ತು?”

“ನಿಂಗೇನಾಗಿತ್ತು?”

ಇಬ್ಬರಿಗೂ ಏನಾಗಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಹತ್ತು ದಿನದ ಹಿಂದೆ ಅವಳೊಂದು ಮೆಸೇಜ್ ಕಳಿಸಿದ್ದಳು: ‘ಸ್ವೀಡನ್‌ನ ಉಪ್ಸಾಲಾದಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್ ಹುದ್ದೆ ಸಿಕ್ಕಿದೆ. ಮುಂದಿನ ವಾರ ಕಳೆದು ಬರುವ ಸೋಮವಾರದೊಳಗೆ ಉತ್ತರ ಕೊಡಬೇಕು.’ ಅವನಿಂದ ಬಂದದ್ದು ‘ಕಂಗ್ರಾಟ್ಸ್!!’ ಮತ್ತು ಒಂದು ಹೆಬ್ಬೆರಳಿನ ಎಮೋಜಿ. ಆಮೇಲೆ ಇಬ್ಬರೂ ಏನೂ ಬರೆದಿರಲಿಲ್ಲ; ಈ ಪಂದ್ಯಕ್ಕೆ ಬರುವುದು ಅದಕ್ಕೂ ಮೊದಲೇ ಮಾತಾಗಿತ್ತು. ಇವತ್ತು ಶನಿವಾರ, ಉಳಿದದ್ದು ಎರಡೇ ದಿನ.

ಟಿಕೆಟ್ ಕೌಂಟರಿನ ಹುಡುಗಿ ತುಂಬಾ ವಿನಯದಿಂದ, ಒಂದೂ ಉಳಿದಿಲ್ಲ ಎಂದಳು. ಇಬ್ಬರೂ ಸಾಲು ಬಿಟ್ಟು ಈಚೆ ಬಂದರು.

“ಕನ್ನಡದವ್ರೇನ್ರೀ?” ಹಿಂದಿನಿಂದ ಒಂದು ದನಿ. ನೀಲಿ ಟೋಪಿ, ಬಿಳಿ ಮೀಸೆ, ಕಚ್ಚೆಪಂಚೆಯ ಮೇಲೆ ಭಾರತ ತಂಡದ ಜೆರ್ಸಿ ತೊಟ್ಟ ಒಬ್ಬ ಹಿರಿಯರು. ಪಕ್ಕದಲ್ಲಿ ಫೋನ್ ಹಿಡಿದು ನಿಂತ ಮಗಳು. “ನಾ ಬಸವಂತಪ್ಪ. ಗದಗ. ಇಕಿ ನನ್ನ ಮಗಳು ಪ್ರಭಾ, ಇಲ್ಲೇ ಇರ್ತಾಳ. ನೀವಿಬ್ರೂ ಜಗಳಾಡೂದು ಕೇಳಿ ಭಾಳ ಸಂತೋಷ ಆತು ನೋಡ್ರಿ. ಬಂದು ಹದಿನೈದು ದಿನಾ ಆತು, ಹೊರಗ ಒಂದೂ ಕನ್ನಡ ಜಗಳ ಕಿವಿಗಿ ಬಿದ್ದಿರ್ಲಿಲ್ಲ.”

“ಅಪ್ಪಾ, ಸುಮ್ನಿರು,” ಎಂದಳು ಪ್ರಭಾ ನಾಚಿಕೊಂಡು. ಆಮೇಲೆ ಇವರತ್ತ ತಿರುಗಿ, “ನಮ್ಮ ಯಜಮಾನ್ರಿಗೆ ಜ್ವರ. ಅವರ ಟಿಕೆಟ್ ಸುಮ್ನೆ ಉಳೀತದೆ. ನಿಮ್ಮಲ್ಲಿ ಒಬ್ಬರು ಬರ್ಬಹುದು.”

“ಒಂದೇನಾ?” ಎಂದಳು ಹಿತಾ.

“ಒಂದೇ ಜ್ವರ, ಒಂದೇ ಟಿಕೆಟ್,” ಎಂದರು ಬಸವಂತಪ್ಪ.

ಅನಿರುದ್ಧ ಒಂದು ಕ್ಷಣವೂ ಯೋಚಿಸಲಿಲ್ಲ. “ನೀನು ಹೋಗು ಹಿತಾ. ಹಾಕಿ ಅಂದ್ರೆ ನಿಂಗೆ ಜೀವ. ನಾನು ಇಲ್ಲೇ ಎಲ್ಲಾದ್ರೂ ಕೂತಿರ್ತೀನಿ. ಹೋಗು, ಹೋಗು.”

ಅವನ ಮುಖದಲ್ಲಿ ನಿಜವಾದ ಉದಾರತೆಯಿತ್ತು. ಬಲ ಹುಬ್ಬಿನ ಮೇಲಿನ ಸಣ್ಣ ಗೆರೆ, ಬಿಸಿಲಿಗೆ ಕಿರಿದಾದ ಕಣ್ಣು, ಅವಳು ಬೇಗ ಒಪ್ಪಿಕೊಳ್ಳಲಿ ಎಂದು ಮುಂಚೆಯೇ ಸಿದ್ಧಮಾಡಿಟ್ಟ ನಗು. ಹಿತಾ ಅದನ್ನೇ ನೋಡಿದಳು. ‘ಕಂಗ್ರಾಟ್ಸ್’ ಎಂದು ಬರೆದಾಗಲೂ ಇದೇ ಮುಖ ಮಾಡಿಕೊಂಡಿದ್ದನೇನೋ.

“ಥ್ಯಾಂಕ್ಸ್ ಪ್ರಭಾ ಅವ್ರೇ. ಬೇರೆ ಯಾರಿಗಾದ್ರೂ ಕೊಡಿ,” ಎಂದಳು. ಬಸವಂತಪ್ಪ ಅವಳನ್ನೂ ಅವನನ್ನೂ ಒಮ್ಮೆ ನೋಡಿ, ಮಗಳ ತೋಳು ಹಿಡಿದು, “ನಡೀವಾ, ಒಳಗ ಹೋಗೂಣು. ಇವರ ಆಟ ಬ್ಯಾರೇನಽ ಐತಿ,” ಎಂದು ಹೊರಟುಬಿಟ್ಟರು.

ಕ್ರೀಡಾಂಗಣ ಇದ್ದದ್ದು ಕಾಡಿನ ಅಂಚಿನಲ್ಲಿ. ಎತ್ತರದ ಹಸಿರು ಬೇಲಿಯ ಈಚೆ ಒಂದು ಬೆಂಚು. ಕೂತ ಕೂಡಲೇ ಒಳಗೆ ರಾಷ್ಟ್ರಗೀತೆ ಶುರುವಾಯಿತು. ಇಬ್ಬರೂ ಎದ್ದು ನಿಂತರು, ಎಲೆಗಳಿಗೆ ಮುಖಮಾಡಿ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು ಬೇಲಿಯನ್ನೊಮ್ಮೆ ಇವರನ್ನೊಮ್ಮೆ ನೋಡಿ ಮುಂದೆ ಹೋದಳು.

ಡಬ್ಬಿಗಳು ತೆರೆದವು. ಅವನ ಬಿಸಿಬೇಳೆಬಾತ್ ಗಟ್ಟಿಯಾಗಿ ಕೇಕಿನಂತೆ ಬಂತು.

“ಚಾಕು ಇದ್ಯಾ?” ಎಂದಳು.

“ಮೈಸೂರಿನವ್ನ ಅಡುಗೆಗೆ ಹೀಗೆಲ್ಲ ಅನ್ಬಾರ್ದು.”

ಬೇಲಿಯಾಚೆ ಚೆಂಡಿಗೆ ಕೋಲು ತಾಗುವ ಟಕ್ ಟಕ್ ಸದ್ದು. ಒಂದು ಸೀಟಿ. ನಂತರ ಇಡೀ ಕ್ರೀಡಾಂಗಣ ಉಸಿರು ಹಿಡಿಯಿತು.

“ಪೆನಾಲ್ಟಿ ಕಾರ್ನರ್,” ಎಂದಳು ಅವಳು, ಕಣ್ಣು ಮುಚ್ಚಿಕೊಂಡು.

“ಯಾರಿಗೆ?”

“ಅವ್ರಿಗೆ. ನಮಗಾಗಿದ್ರೆ ಇಷ್ಟು ಜನ ಸುಮ್ನಾಗ್ತಿರ್ಲಿಲ್ಲ.”

ಚೆಂಡು ಗೋಲಿನ ಹಲಗೆಗೆ ಬಡಿದ ಸದ್ದಾಯಿತು. ಕೇಕೆ ಮುಗಿಲು ಮುಟ್ಟಿತು. ಅವನು ನಗುತ್ತ ಅವಳತ್ತ ತಿರುಗಿದ. ಅವಳು ಕಣ್ಣು ತೆರೆದಿರಲಿಲ್ಲ. ರೆಪ್ಪೆಯ ಅಂಚಿನಲ್ಲಿ ನೀರಿತ್ತು.

“ಹಿತಾ? ಒಂದು ಗೋಲಿಗಾ?”

“ನನ್ನ ಕಳಿಸೋದಕ್ಕೆ ನಿಂಗೆ ಯಾಕೆ ಅಷ್ಟೊಂದು ಅರ್ಜೆಂಟು?”

“ಯಾವಾಗ ಕಳಿಸ್ದೆ?”

“ಈಗ ಗೇಟಲ್ಲಿ. ಉಪ್ಸಾಲಾ ಅಂದಾಗ. ‘ಹೋಗು’ ಅನ್ನೋದು ನಿಂಗೆಷ್ಟು ಸಲೀಸು ಅನಿ! ಬಸ್ಸಲ್ಲಿ ಸೀಟು ಬಿಟ್ಕೊಟ್ಟ ಹಾಗೆ.”

ಅವನು ಏನೂ ಹೇಳಲಿಲ್ಲ. ಹಿತಾಳ ಸಂಶೋಧನೆಯೇ ಮೌನದ ಮೇಲೆ. ಇಬ್ಬರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಹುಟ್ಟುವ ನಡುವಿನ ಆ ಚಿಕ್ಕ ಬಿಡುವು. ಒಪ್ಪಿಗೆ ಬೇಗ ಬರುತ್ತದೆ, ನಿರಾಕರಣೆ ತಡವರಿಸಿ ಬರುತ್ತದೆ. ನೂರಾರು ಅಪರಿಚಿತರ ಮಾತುಕತೆಗಳನ್ನು ಹೆಡ್‌ಫೋನಿನಲ್ಲಿ ಕೇಳಿ ಅವಳು ಅದನ್ನು ಬಲ್ಲಳು. ಈಗ ಈ ಮೌನ ಉದ್ದವಾಗುತ್ತ ಹೋಯಿತು. ಅದನ್ನು ಓದುವುದು ಬೇಡವೆಂದು ಎಷ್ಟು ತಡೆದರೂ ಓದುತ್ತಿದ್ದಳು.

ಕಡೆಗೆ ಅವನು ಚಮಚವನ್ನು ಡಬ್ಬಿಯ ಮುಚ್ಚಳದ ಮೇಲೆ ನಿಧಾನವಾಗಿ ಇಟ್ಟ.

“ನಾನು ಬೇಡ ಅಂದಿದ್ರೆ ಹೋಗ್ತಿರ್ಲಿಲ್ವಾ ನೀನು?”

“ಹೋಗ್ತಿದ್ದೆ. ಹೋಗ್ತೀನಿ ಕೂಡ. ಒಳ್ಳೇ ಲ್ಯಾಬು ಅದು.” ಅಂಗೈಯಿಂದ ಕಣ್ಣೊರೆಸಿಕೊಂಡಳು. “ಬೇಡ ಅನ್ನು ಅಂತ ನಾನು ಕೇಳ್ತಿಲ್ಲ. ಬೇಡ ಅಂತ ನಿಂಗೆ ಅನ್ನಿಸ್ತಾ ಇಲ್ವಾ, ಅಷ್ಟು ಹೇಳು. ಅನ್ನಿಸ್ಲಿಲ್ಲ ಅಂದ್ರೂ ಪರವಾಗಿಲ್ಲ. ನಾನು ಅದನ್ನ ತಿಳ್ಕೊಂಡು ಹೋಗ್ತೀನಿ. ತಿಳೀದೇ ಹೋಗೋದು ನನ್ನ ಕೈಲಿ ಆಗಲ್ಲ. ಯಾಕೆ ಅಂತ ನಿಂಗೆ ಬಿಡಿಸಿ ಹೇಳ್ಬೇಕಾ? ಇಷ್ಟ ಕಣೋ ನೀನಂದ್ರೆ. ಪ್ಯಾರಿಸ್‌ನಿಂದ.”

ಒಳಗೆ ಮತ್ತೆ ಕೂಗು. ಯಾರದೆಂದು ಇಬ್ಬರೂ ಗಮನಿಸಲಿಲ್ಲ.

“ನಿನ್ನ ಮೆಸೇಜ್ ಬಂದಾಗ ಆಫೀಸಿಂದ ಹೊರಡ್ತಾ ಇದ್ದೆ,” ಎಂದ ಅವನು, ತನ್ನ ಮೊಣಕಾಲುಗಳನ್ನೇ ನೋಡುತ್ತ. “ಕಂಗ್ರಾಟ್ಸ್ ಅಂತ ಹಾಕ್ದೆ. ಸೈಕಲ್ ಸ್ಟ್ಯಾಂಡಿಗೆ ಬಂದ್ರೆ ಬೀಗದ ಕೈ ಕಾಣಲ್ಲ. ಜೇಬು, ಚೀಲ, ಮತ್ತೆ ಮೇಲೆ ಹೋಗಿ ಟೇಬಲ್ಲು... ಎಲ್ಲಾ ಹುಡುಕ್ದೆ. ನಮ್ಮ ಟೀಮಿನ ಕಿಶನ್ ಬಂದು ‘ಕೈಯಲ್ಲೇ ಇದ್ಯಲ್ಲೋ’ ಅಂದ. ಬಿಗಿಯಾಗಿ ಹಿಡ್ಕೊಂಡಿದ್ನಂತೆ. ಅಂಗೈ ತುಂಬ ಅದ್ರ ಅಚ್ಚು.” ಅವನು ಒಣಗಿದ ದನಿಯಲ್ಲಿ ನಕ್ಕ. “ಬೇಡ ಅನ್ನಿಸ್ತಾ ಅಂತ ಕೇಳ್ತೀಯಲ್ಲ. ಬೇರೆ ಏನೂ ಅನ್ನಿಸ್ತಾನೇ ಇಲ್ಲ ಹತ್ತು ದಿನದಿಂದ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಿನ್ನ ದಾರಿಗೆ ಅಡ್ಡ ನಿಂತವ್ನು ಅನ್ನಿಸ್ಕೊಳ್ಳೋದು ಬೇಡ ಅಂತ.”

“ಅಡ್ಡ ನಿಲ್ಲು ಅಂತ ನಾನು ಅಂದ್ನಾ? ಪಕ್ಕದಲ್ಲಿ ನಿಂತ್ಕೊಂಡು ಅಳಕ್ಕೆ ಬರಲ್ವಾ ನಿಂಗೆ?”

“ಕಲಿಸ್ಕೊಡು.”

ಅವಳಿಗೆ ನಗು ಬಂತು, ಅಳುವಿನ ನಡುವೆಯೇ. ಅವನು ಕೈ ಚಾಚಲಿಲ್ಲ. ಕೈಯನ್ನು ಬೆಂಚಿನ ಮೇಲೆ, ಇಬ್ಬರ ನಡುವೆ, ಅಂಗೈ ಮೇಲಾಗಿ ಇಟ್ಟ, ಅಷ್ಟೆ. ಅದನ್ನು ಸ್ವಲ್ಪ ಹೊತ್ತು ನೋಡಿ ಅವಳು ತನ್ನ ಕೈಯನ್ನು ಅದರೊಳಗೆ ಇಟ್ಟಳು. ಬೇಲಿಯಾಚೆ ಸಾವಿರಾರು ಜನ ಒಟ್ಟಿಗೆ ನಿಟ್ಟುಸಿರುಬಿಟ್ಟರು. ಯಾರದೋ ಅವಕಾಶ ಕೈತಪ್ಪಿರಬೇಕು.

ಸಂಜೆ ಉತ್ರೆಕ್ಟ್‌ವರೆಗೂ ಒಂದೇ ರೈಲು. ಅಲ್ಲಿಂದ ಅವಳದು ಪೂರ್ವಕ್ಕೆ, ಅವನದು ದಕ್ಷಿಣಕ್ಕೆ. ಕಾಲುವೆಗಳ ಮೇಲೆ, ಹಸುಗಳ ಬೆನ್ನಿನ ಮೇಲೆ ಜೂನ್ ತಿಂಗಳ ಬಿಸಿಲು ಇನ್ನೂ ಇಳಿಯದೆ ನಿಂತಿತ್ತು. ಉಪ್ಸಾಲಾಕ್ಕೆ ಹೇಗೆ ಹೋಗುವುದು ಎಂದು ಅವನು ಕೇಳಿದ. ವಿಮಾನದಲ್ಲಿ ಹೋಗಿ ಸ್ಟಾಕ್‌ಹೋಮ್‌ನಲ್ಲಿ ಇಳಿದು ರೈಲು ಹಿಡಿಯಬೇಕೆಂದು ಅವಳು ಹೇಳಿದಳು. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದಂತೆ ಎಂದೂ ಹೇಳಿದಳು. “ಮೊದಲ ಕತ್ತಲಿಗೆ ನಾನು ಬರ್ತೀನಿ,” ಎಂದ. ಅದನ್ನು ಎಷ್ಟು ಬೇಗ ಹೇಳಿದನೆಂದರೆ, ಅವಳ ಮಾತು ಇನ್ನೂ ಪೂರ್ತಿ ಮುಗಿದೇ ಇರಲಿಲ್ಲ.

ಉತ್ರೆಕ್ಟ್‌ನಲ್ಲಿ ನೈಮೆಗನ್ ರೈಲು ಆಗಲೇ ಬಂದು ನಿಂತಿತ್ತು. ಸೀಟಿ ಊದುವ ಹೊತ್ತು. ಅವಳು ಚೀಲ ಹೆಗಲಿಗೇರಿಸಿ ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

“ಹಿತಾ.”

ತಿರುಗಿದಳು. ಅವನ ಮುಖದಲ್ಲಿ ಸಿದ್ಧಮಾಡಿಟ್ಟ ನಗು ಇರಲಿಲ್ಲ. ಏನೂ ಸಿದ್ಧವಿರಲಿಲ್ಲ.

“ಉಪ್ಸಾಲಾಕ್ಕೆ ಹೋಗ್ಬೇಡ ಅನ್ನಲ್ಲ,” ಎಂದ. “ಆದ್ರೆ ಈ ರೈಲಿಗೆ ಹೋಗ್ಬೇಡ.”

ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ಮುಚ್ಚಿತು.